ಶರ್ಮಿಳಾ ಹೇಳಿದ್ದು, ನಾವು ಬರೆದದ್ದು

ನಮ್ಮ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ, ಹೆಸರು ಬೇಡ, ಹೆಡ್‌ಮಾಸ್ಟರ ಕುರ್ಚಿಯ ಹಿಂದಿನ ಗೋಡೆಗೆ ಒಂದು ಫೋಟೋ ತೂಗುಹಾಕಿದ್ದರು. ನಡುವೆ ಶರ್ಮಿಳಾ. ಹೆಗಲ ಮೇಲೆ ಜರಿ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಎಡಕ್ಕೂ ಬಲಕ್ಕೂ ಊರಿನ ದೊಡ್ಡವರು, ಎಲ್ಲರ ಕೈಯೂ ಆ ಬುಟ್ಟಿಯ ಮೇಲೆಯೇ. ತುದಿಯಲ್ಲಿ ನಾನು. ನಾನೂ ಹಲ್ಲು ಕಿರಿದಿದ್ದೇನೆ.

ನಾನು ಮಾಲತಿ. ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಕಿ. ಕೊಪ್ಪದಲ್ಲಿ ಐದು ವರ್ಷ, ಶೃಂಗೇರಿಯಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿ ನರಸಿಂಹರಾಜಪುರಕ್ಕೆ ಬಂದವಳು. ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು, ಹೀಗೆ ವಾರವಿಡೀ ಬಸ್ಸಿನಲ್ಲಿ ಸುತ್ತುವುದು. ಹೋದಲ್ಲೆಲ್ಲ ಯಾರಾದರೊಬ್ಬ ಮಾಸ್ಟರು ಚಹಾ ಹೀರುತ್ತಾ ಕೇಳಿಯೇ ಕೇಳುತ್ತಾರೆ, "ಇವನ್ನೆಲ್ಲ ಓದ್ಸಿ ಎಂತ ಆಗ್ಬೇಕು ಮೇಡಂ?" ಅಂತ. ಮಕ್ಕಳ ಮುಂದೆಯೇ ಕೇಳುತ್ತಾರೆ. ಅಂಥವರ ಜೊತೆ ಕೂತು ಅದೇ ಚಹಾ ಕುಡಿದಿದ್ದೇನೆ ಎನ್ನುವುದೂ ಒಂದು ಹೇಸಿಗೆಯೇ.

ಶರ್ಮಿಳಾ ಶೆಟ್ಟಿಕೊಪ್ಪದ ಶಾಂತಕ್ಕನ ಮಗಳು. ಶಾಂತಕ್ಕನದು ಕೂಲಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು, ಉಳಿದ ದಿನ ತೋಟದ ಕೆಲಸ. ನಾನು ನೋಡಿದಾಗ ಹುಡುಗಿ ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿದ್ದಳು. ಏಳು ವರ್ಷ ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿ ನೋಡಿ ರಂಗೋಲಿ ಹಾಕಿದ ಹಾಗೆ ಪುಸ್ತಕಕ್ಕೆ ಇಳಿಸಿಕೊಂಡು ಬಂದಿದ್ದಳು. ಒಂದಕ್ಷರವೂ ಓದಲು ಬರುತ್ತಿರಲಿಲ್ಲ. "ಮೊದಲನೇದು ನೋಡಿ ಎರಡನೇದಕ್ಕೆ ಹೋಗೋದ್ರೊಳಗೆ ಮೊದಲನೇದು ಮರ್ತು ಹೋಗ್ತದೆ ಮಿಸ್" ಎಂದಳು. ಅವಳ ಹೆಸರಿನ ಮುಂದೆ ವರ್ಷವರ್ಷವೂ 'ಮಂದ' ಎಂದು ಬರೆದವರಲ್ಲಿ ಒಬ್ಬರಾದರೂ ಅವಳನ್ನು ಬಾಯಲ್ಲಿ ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕಿವಿಗೆ ಬಿದ್ದದ್ದು ಅವಳಿಗೆ ಮರೆಯುತ್ತಿರಲಿಲ್ಲ. ಹೋದ ತಿಂಗಳು ನಾನು ಹೇಳಿದ್ದನ್ನು ನನ್ನ ಕೆಮ್ಮಿನ ಸಮೇತ ವಾಪಸ್ ಹೇಳುತ್ತಿದ್ದಳು.

ಹಾಗಾಗಿ ನಾನು ಪಾಠಗಳನ್ನು ಶಾಂತಕ್ಕನ ಫೋನಿಗೆ ರೆಕಾರ್ಡ್ ಮಾಡಿ ಕೊಡತೊಡಗಿದೆ. ರಜೆಯಲ್ಲಿ ಅಮ್ಮನ ಜೊತೆ ಅಡಿಕೆ ಸುಲಿಯಲು ಕೂತರೆ ಫೋನು ಪಕ್ಕದಲ್ಲಿ, ಮೆಟ್ಟುಗತ್ತಿ ಕಾಲಡಿಯಲ್ಲಿ. ಕೈ ಕಾಯಿ ಸುಲಿಯುತ್ತಿತ್ತು, ಕಿವಿ ಇತಿಹಾಸ ಕೇಳುತ್ತಿತ್ತು. ಅವಳು ಹತ್ತನೆಗೆ ಬರುವ ಹೊತ್ತಿಗೆ ಸುಲಿಯುವ ಹೆಂಗಸರೆಲ್ಲ ಹತ್ತನೇ ತರಗತಿಯ ಸಮಾಜ ವಿಜ್ಞಾನ ಕಲಿತುಬಿಟ್ಟರು. "ಆ ಬ್ರಿಟಿಷರದ್ದು ನಿನ್ನೆ ಎಲ್ಲಿಗೆ ನಿಂತಿತ್ತು ಮಾರಾಯ್ತಿ?" ಎಂದು ಜಲಜಮ್ಮ ಕೇಳುವುದು, ಇವಳು ಅಲ್ಲಿಂದ ಮುಂದುವರಿಸುವುದು.

ಅವಳಿಗೆ ಒಂದು ಆಸೆಯಿತ್ತು. ಅಂಗನವಾಡಿ ಟೀಚರಾಗಬೇಕು. ಕೇರಿಯ ಸಣ್ಣ ಮಕ್ಕಳು ಕತೆ ಕೇಳಲು ಅವಳ ಸುತ್ತ ಜಮಾಯಿಸುತ್ತಿದ್ದವು, ಅಲ್ಲಿಂದ ಹುಟ್ಟಿದ ಆಸೆ. ಆ ಕೆಲಸಕ್ಕೆ ಈಗ ಪಿಯುಸಿ ಬೇಕು. ಅಂದರೆ ಮೊದಲು ಎಸ್ಸೆಸ್ಸೆಲ್ಸಿ, ಆಮೇಲೆ ಪೇಟೆಯ ಕಾಲೇಜು. ಬರೆಯಲು ಬಾರದವಳು ಬೇರೊಬ್ಬರ ಕೈಯಿಂದ ಪರೀಕ್ಷೆ ಬರೆಸಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಬೇಕಾದ ಸರ್ಟಿಫಿಕೇಟಿಗಾಗಿ ಶಾಂತಕ್ಕ ಮೂರು ದಿನದ ಕೂಲಿ ಬಿಟ್ಟು ಚಿಕ್ಕಮಗಳೂರಿಗೆ ನನ್ನ ಜೊತೆ ಅಲೆದರು. ಬರೆಯುವ ಹುಡುಗಿ ಕೆಳಗಿನ ತರಗತಿಯವಳಾಗಿರಬೇಕು, ಇವಳು ಹೇಳಿದ್ದನ್ನಷ್ಟೇ ಬರೆಯಬೇಕು.

ಹೆಡ್‌ಮಾಸ್ಟರ್ ಗಜಾನನ ಅವರು ಒಂಬತ್ತನೇ ತರಗತಿಯ ತನ್ಮಯಿಯನ್ನು ಆರಿಸಿದರು. ಮುದ್ದಾದ ಅಕ್ಷರ, ತರಗತಿಗೆ ಮೊದಲನೆಯವಳು. ನನಗೆ ಖುಷಿಯಾಯಿತು. ಫೆಬ್ರವರಿಯಲ್ಲಿ ನೋಡಿದರೆ ಆ ಹುಡುಗಿ ಹತ್ತನೆಯವರ ಸ್ಪೆಷಲ್ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದಾಳೆ! ಎಂತಕ್ಕೆ ಎಂದು ಕೇಳಿದೆ. "ಅವಳಿಗೂ ಸ್ವಲ್ಪ ಗೊತ್ತಿರ್ಲಿ ಮೇಡಂ. ನಿಮ್ಮ ಹುಡುಗಿ ಒಬ್ಬಳಿಂದ ನಮ್ಮ ರಿಸಲ್ಟ್ ತೊಂಬತ್ತೇಳಕ್ಕೆ ನಿಲ್ಲೋದು ಬೇಡ" ಎಂದರು ಗಜಾನನ ಮಾಸ್ಟ್ರು. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಅರ್ಥವಾಯಿತು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಸಮಾಜ ವಿಜ್ಞಾನದ ಪರೀಕ್ಷೆಯ ದಿನ ನಾನು ಗೇಟಿನ ಹೊರಗೆ ಕಾಯುತ್ತಿದ್ದೆ. ಹೊರಗೆ ಬಂದ ಶರ್ಮಿಳಾಳ ಮುಖ ಕಪ್ಪಿಟ್ಟಿತ್ತು.

"ನಾನು ಹೇಳಿದ್ದು ಅವಳು ಬರೀಲೇ ಇಲ್ಲ ಮಿಸ್. ನಾನು ಒಂದು ಮಾತು ಹೇಳೋದ್ರೊಳಗೆ ಅವಳು ಅರ್ಧ ಪುಟ ಬರೀತಾಳೆ. ಓದು ಅಂದ್ರೆ ನಾನು ಹೇಳಿದ್ದನ್ನೇ ಓದಿದ ಹಾಗೆ ಮಾಡ್ತಾಳೆ. ಅಷ್ಟು ಸಣ್ಣ ಮಾತಿಗೆ ಅಷ್ಟುದ್ದ ಬರ್ಕೊಂಡದ್ದು ಎಂತ? ನಾನು ಸೂಪರ್‌ವೈಸರಿಗೆ ಹೇಳ್ತೇನೆ."

ಆಗ ನಾನು ಹೇಳಿದ ಮಾತು ಇದು: "ಸುಮ್ಮನಿರು ಮಾರಾಯ್ತಿ. ಯಾರಿಗೂ ಹೇಳ್ಬೇಡ. ಪಾಸಾದ್ರೆ ಸಾಕಲ್ಲ ನಿಂಗೆ?"

ಪಾಸಾದಳು. ನೂರಕ್ಕೆ ಎಂಬತ್ತಾರು. ಶಾಲೆಯದ್ದು ನೂರಕ್ಕೆ ನೂರು. ಶಾಲು ಬಂತು, ಬುಟ್ಟಿ ಬಂತು, ಪತ್ರಿಕೆಯವರು ಬಂದರು. ವೇದಿಕೆಯಲ್ಲಿ ಅವಳು ನಾಲ್ಕು ಮಾತಾಡಬೇಕೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು. ಅವಳು ಮೈಕಿನ ಹತ್ತಿರ ಹೋದದ್ದೇ ತಡ, ಗಜಾನನ ಮಾಸ್ಟ್ರು ಮೈಕನ್ನು ತಮ್ಮ ಕಡೆ ಎಳೆದುಕೊಂಡು ಜೇಬಿನಿಂದ ಹಾಳೆ ತೆಗೆದು ಓದಿದರು: "ನನ್ನ ಈ ಸಾಧನೆಗೆ ನನ್ನ ಪೂಜ್ಯ ಗುರುಗಳಾದ ಗಜಾನನ ಅವರೇ ಕಾರಣ." ತಮ್ಮನ್ನು ತಾವೇ ಪೂಜ್ಯ ಎಂದುಕೊಂಡರು, ಅವಳ ಬಾಯಿಂದ! ಜನ ಚಪ್ಪಾಳೆ ತಟ್ಟಿದರು. ಥೂ. ಬಾಯಿಯೊಂದು ಸರಿಯಿದ್ದ ಹುಡುಗಿಯ ಬಾಯನ್ನೂ ಕಿತ್ತುಕೊಂಡರಲ್ಲ ಎನ್ನಿಸಿತು. ಎನ್ನಿಸಿದ್ದಷ್ಟೇ. ಆಮೇಲೆ ಫೋಟೋಕ್ಕೆ ನಿಂತೆ.

ಜೂನಿನಲ್ಲಿ ಶಾಂತಕ್ಕ, ಶರ್ಮಿಳಾ, ನಾನು ಮೂವರೂ ಪೇಟೆಯ ಕಾಲೇಜಿಗೆ ಹೋದೆವು. ಕಲಾ ವಿಭಾಗಕ್ಕೆ ಅರ್ಜಿ, ಜೊತೆಗೆ ಪರೀಕ್ಷೆ ಬರೆಯಲು ಸಹಾಯಕರು ಬೇಕೆಂಬ ಇನ್ನೊಂದು ಅರ್ಜಿ. ಪ್ರಿನ್ಸಿಪಾಲ್ ಜಯಪ್ರಕಾಶ್ ಅಂಕಪಟ್ಟಿ ನೋಡಿದರು, ಸರ್ಟಿಫಿಕೇಟು ನೋಡಿದರು, ಮತ್ತೆ ಅಂಕಪಟ್ಟಿ ನೋಡಿದರು.

"ಎಂಬತ್ತಾರು ತೆಗ್ದವಳಿಗೆ ಬೇರೆಯವರ ಕೈ ಎಂತಕ್ಕೆ? ಇದರಲ್ಲಿ ಒಂದು ಸುಳ್ಳು. ಯಾವುದು ಅಂತ ನೀವೇ ಹೇಳಿ ಮೇಡಂ."

ಅವರು ಅಂದಿನ ಪೇಪರನ್ನು ಅವಳ ಮುಂದೆ ತಳ್ಳಿ "ಓದಮ್ಮ" ಎಂದರು. ಅವಳು ತಲೆ ತಗ್ಗಿಸಿದಳು. ಇಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಬಾಗಿಲ ಕಡೆ ತಿರುಗಿ, "ಬನ್ನಿ ಬನ್ನಿ, ಡಿಸ್ಟಿಂಕ್ಷನ್ ನೋಡಿ ಇಲ್ಲಿ" ಎಂದು ಕೂಗಿ ಇಬ್ಬರು ಲೆಕ್ಚರರನ್ನೂ ಕರೆದರು. ಮೂವರು ವಿದ್ಯಾವಂತರು ಒಬ್ಬ ಹದಿನಾರರ ಹುಡುಗಿ ಪೇಪರ್ ಓದಲಾರದ್ದನ್ನು ನಿಂತು ನೋಡಿ ನಕ್ಕರು. ಹೆಸರಾಂತ ಮನೆತನದವರು, ಹಣೆಗೆ ಗಂಧ ಬೇರೆ.

"ನಾಳೆ ಯಾರಾದ್ರೂ ದೂರು ಕೊಟ್ರೆ ನನ್ನ ಕಾಲೇಜಿಗೆ ಕೆಟ್ಟ ಹೆಸರು. ಬೇರೆ ಕಡೆ ನೋಡಿ" ಎಂದು ಅರ್ಜಿ ವಾಪಸ್ ತಳ್ಳಿದರು. ಪಾಸಾಗಲಿ ಎಂದು ನಾವು ಸೇರಿಸಿದ ಅಂಕಗಳೇ ಅವಳ ಬಾಗಿಲು ಮುಚ್ಚಿದವು. ನಾನು ಹೊರಗೆ ಬಂದು ಗಜಾನನ ಮಾಸ್ಟ್ರಿಗೆ ಫೋನು ಮಾಡಿದೆ. ನಡೆದದ್ದನ್ನು ಒಂದು ಪತ್ರದಲ್ಲಿ ಬರೆದುಕೊಡಿ ಎಂದೆ. "ಇನ್ನೆರಡು ವರ್ಷಕ್ಕೆ ರಿಟೈರು ನಾನು. ತಲೆ ಕೆಟ್ಟಿದೆಯಾ ಮಾರಾಯ್ತಿ? ಪಿಯುಸಿ ಪರೀಕ್ಷೆ ಮನೆಯಿಂದಲೇ ಕಟ್ಟಿಸಿ, ಅಲ್ಲೂ ಯಾರಾದ್ರೂ ಬರೀತಾರೆ" ಎಂದು ನಕ್ಕು ಫೋನಿಟ್ಟರು.

ಬಸ್ಸಿಗೆ ಹೋಗೋಣ ಎಂದೆ. ಕಾಲೇಜಿನ ಜಗಲಿಯಲ್ಲಿ ಕೂತಿದ್ದ ಶರ್ಮಿಳಾ ಏಳಲಿಲ್ಲ. ಎದ್ದಾಗ ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೇ ಹೋದಳು. ನಾವಿಬ್ಬರೂ ಹಿಂದೆ.

"ಸಾರ್, ಆ ಮಾರ್ಕ್ಸ್ ನಂದಲ್ಲ" ಎಂದಳು.

ಅವರು ತಲೆಯೆತ್ತಿದರು.

"ನಾವು ಅಡಿಕೆ ಸುಲೀವಾಗ ಒಬ್ಬೊಬ್ಬರಿಗೆ ಒಂದೊಂದು ಡಬ್ಬ ಸಾರ್. ಸಂಜೆ ಅವರವರ ಡಬ್ಬ ಅಳೀತಾರೆ. ಸಣ್ಣವಳಿರ್ಬೇಕಾದ್ರೆ ನಾನು ಜಲಜಮ್ಮನ ಡಬ್ಬದಿಂದ ಎರಡು ಬೊಗಸೆ ತೆಗ್ದು ಅಮ್ಮನ ಡಬ್ಬಕ್ಕೆ ಹಾಕಿದ್ದೆ. ಅಮ್ಮ ನೋಡಿ, ಇಡೀ ಡಬ್ಬವನ್ನೇ ಜಲಜಮ್ಮನ ಡಬ್ಬದ ಮೇಲೆ ಸುರಿಸಿದ್ರು, ನನ್ನ ಕೈಲೇ. ಎರಡೇ ಬೊಗಸೆ ಅಲ್ವಾ ಅಂತ ನಾನು ಅತ್ತೆ. ಬೆರೆತ ಮೇಲೆ ನಮ್ಮದು ಯಾವುದು ಅಂತ ಹೆಂಗೆ ಹೇಳ್ತೀಯ ಅಂದ್ರು. ಇದೂ ಹಂಗೇ ಸಾರ್. ಅದರಲ್ಲಿ ನಾನು ಹೇಳಿದ್ದೂ ಇರ್ಬಹುದು. ಪೂರಾ ಸುರಿದುಬಿಡ್ತೇನೆ. ನನ್ನನ್ನ ಬಾಯಲ್ಲಿ ಕೇಳಿ, ಇಲ್ಲ ಇನ್ನೊಂದ್ಸಲ ಪರೀಕ್ಷೆ ಕೊಡಿ."

ಜಯಪ್ರಕಾಶ್ ಕುರ್ಚಿಯಲ್ಲಿ ಸರಿದು ಕೂತರು. "ಬರ್ದು ಕೊಡ್ತೀಯಾ ಇದನ್ನ?" ಎಂದರು. ಹೆದರಿಸಲು ಕೇಳಿದ್ದು.

"ಮಿಸ್ ಬರೀತಾರೆ. ನಾನು ಹೇಳ್ತೇನೆ."

ಶಾಂತಕ್ಕ ನನ್ನ ಮುಖ ನೋಡಿ "ಬರೀರಿ ಮಿಸ್" ಎಂದರು. ನನ್ನ ಕೈಗೆ ಪೆನ್ನು ಬಂತು. ಅವಳು ನಿಧಾನವಾಗಿ, ಒಂದೊಂದೇ ವಾಕ್ಯ ಹೇಳುತ್ತಾ ಹೋದಳು. ಯಾವ ದಿನ, ಯಾವ ಪರೀಕ್ಷೆ, ತನ್ಮಯಿ ಎಷ್ಟು ಬರೆದಳು, ಅವಳಿಗೆ ಯಾರು ಕಲಿಸಿದ್ದು, ಆ ಹುಡುಗಿಯದ್ದು ತಪ್ಪಿಲ್ಲ, ದೊಡ್ಡವರು ಹೇಳಿದ್ದು ಮಾಡಿದಳು. ಎಲ್ಲ ಬರೆದೆ. ಕೊನೆಗೆ ಅವಳು ಹೇಳಿದಳು: "ಅವತ್ತೇ ಗೇಟಿನ ಹತ್ತಿರ ಇದನ್ನು ಮಾಲತಿ ಮಿಸ್‌ಗೆ ಹೇಳಿದೆ. ಯಾರಿಗೂ ಹೇಳಬೇಡ, ಸುಮ್ಮನಿರು ಅಂದರು."

ಪೆನ್ನು ನಿಂತಿತು. ನನ್ನದು ಗುತ್ತಿಗೆಯ ಕೆಲಸ. ವರ್ಷವರ್ಷವೂ ಯಾರೋ ಒಬ್ಬರು ಸಹಿ ಹಾಕಿದರೆ ಮಾತ್ರ ಮುಂದಿನ ವರ್ಷ. ಶರ್ಮಿಳಾಳಿಗೆ ಓದಲು ಬರುವುದಿಲ್ಲ, ಶಾಂತಕ್ಕನಿಗೂ ಬರುವುದಿಲ್ಲ. ನಾನು ಹಾಳೆಯ ಮೇಲೆ ಪೆನ್ನು ಓಡಿಸಿದೆ. 'ಇಂತಿ ತಮ್ಮ ವಿಶ್ವಾಸಿ' ಎಂದು ಬರೆದೆ.

"ಓದಿ ಮಿಸ್" ಎಂದಳು.

ಓದಿದೆ. ಮೊದಲಿನಿಂದ ಓದಿದೆ. ಕೊನೆಗೆ ಬಂದಾಗ, ಹಾಳೆಯಲ್ಲಿ ಇಲ್ಲದ ಆ ಎರಡು ವಾಕ್ಯಗಳನ್ನೂ ಇದ್ದಂತೆಯೇ ಓದಿದೆ. ದನಿ ಒಂದಿಷ್ಟೂ ನಡುಗಲಿಲ್ಲ. ತನ್ಮಯಿ ಹದಿನಾಲ್ಕರ ಹುಡುಗಿ, ಹೆದರಿ ಮಾಡಿದ್ದಳು. ನನಗೆ ನಲವತ್ತೊಂದು.

ಶರ್ಮಿಳಾ ಹಾಳೆ ತೆಗೆದುಕೊಂಡು ಪ್ರಿನ್ಸಿಪಾಲರಿಗೆ ಕೊಟ್ಟಳು. "ಸಾರ್, ನೀವೊಂದ್ಸಲ ಜೋರಾಗಿ ಓದಿ" ಎಂದಳು. ನನ್ನ ಮೇಲೆ ಅನುಮಾನದಿಂದಲ್ಲ. ಪರೀಕ್ಷೆಯಲ್ಲಿ ಒಮ್ಮೆ ಪೆಟ್ಟು ತಿಂದವಳು, ಅಷ್ಟೇ. ಅವರು ಓದಿದರು. 'ದೊಡ್ಡವರು ಹೇಳಿದ್ದು ಮಾಡಿದಳು' ಎಂಬಲ್ಲಿಗೆ ನಿಂತು, ಇಂತಿ ತಮ್ಮ ವಿಶ್ವಾಸಿ ಎಂದರು.

ಅವಳು ನನ್ನ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಎರಡು ಮಾತು ಬಿಟ್ಟಿದೆ ಮಿಸ್. ಅದನ್ನೂ ಹಾಕಿ" ಎಂದಳು. ಹಾಕಿದೆ. ಪ್ರಿನ್ಸಿಪಾಲರು ಅದನ್ನೂ ಜೋರಾಗಿ ಓದಿದರು. ಅವಳು ತನ್ನ ಹೆಸರನ್ನು ರಂಗೋಲಿಯ ಹಾಗೆ ನಿಧಾನ ಬಿಡಿಸಿ, ಸೀಲು ಹಾಕಿಸಿಕೊಂಡು ಒಂದು ಪ್ರತಿ ತನ್ನ ಹತ್ತಿರ ಇಟ್ಟುಕೊಂಡಳು. ಅರ್ಜಿ ಕೊಟ್ಟರೆ ಸೀಲು ಹಾಕಿಸಿಕೊಳ್ಳದೆ ಬರಬೇಡ ಎಂದು ಕಲಿಸಿದ್ದು ನಾನೇ.

ವಿಚಾರಣೆ ನಡೆಯಿತು. ಫಲಿತಾಂಶ ರದ್ದಾಯಿತು. ಗಜಾನನ ಮಾಸ್ಟ್ರಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಸ್ವಾಗತದ ಶಾಲೂ ಸಿಕ್ಕಿತಂತೆ. ನನಗೆ ನೋಟಿಸು ಬಂತು. ಮೂರು ತಿಂಗಳು ಮನೆಯಲ್ಲಿ ಕೂತೆ, ಕೆಲಸಕ್ಕೆ ಮತ್ತೆ ತೆಗೆದುಕೊಂಡರು. ಊರಿನವರು ಶರ್ಮಿಳಾಳಿಗೆ ಬೈದರು. ಸಿಕ್ಕಿದ್ದನ್ನು ಒದ್ದವಳು, ಕಲಿಸಿದವರ ಅನ್ನಕ್ಕೆ ಮಣ್ಣು ಹಾಕಿದವಳು ಎಂದರು. ಹಣ್ಣಿನ ಬುಟ್ಟಿಯ ಮೇಲೆ ಕೈಯಿಟ್ಟಿದ್ದವರೇ ಹೆಚ್ಚು ಬೈದರು.

ಒಂದು ವರ್ಷ ಅವಳು ಅಡಿಕೆ ಸುಲಿಯುತ್ತಾ ಅವೇ ಪಾಠಗಳನ್ನು ಮತ್ತೆ ಕೇಳಿದಳು. ಈ ಸಲ ಬರೆಯಲು ಬೇರೆ ಶಾಲೆಯ ಹುಡುಗಿ, ಪಕ್ಕದಲ್ಲಿ ರೆಕಾರ್ಡರ್. ನೂರಕ್ಕೆ ನಲವತ್ತೇಳು ಬಂತು. ಯಾರೂ ಶಾಲು ತರಲಿಲ್ಲ.

ಜೂನಿನಲ್ಲಿ ಮತ್ತೆ ಅದೇ ಕಾಲೇಜಿಗೆ ಹೋದೆವು. ಜಯಪ್ರಕಾಶ್ ಹಿಂದಿನದ್ದೇನೂ ನೆನಪಿಲ್ಲದವರ ಹಾಗೆ ಫಾರಂ ಕೊಟ್ಟರು. ನಾನೇ ತುಂಬಿದೆ, ಕಲಾ ವಿಭಾಗ, ಸಹಾಯಕರು ಬೇಕು, ಎಲ್ಲ. ಶರ್ಮಿಳಾ ಎಂದಿನಂತೆ "ಓದಿ ಮಿಸ್" ಎಂದಳು. ಇದ್ದದ್ದು ಇದ್ದಹಾಗೆ ಓದಿದೆ. ಅವಳು ಪೂರಾ ಕೇಳಿ, ತಲೆಯಾಡಿಸಿ, ನನ್ನ ಕೈಯಿಂದ ಫಾರಂ ತೆಗೆದುಕೊಂಡು ಆಚೆ ಕಿಟಕಿಯಲ್ಲಿದ್ದ ಕ್ಲರ್ಕ್ ನಯನಳ ಹತ್ತಿರ ಹೋದಳು.

"ಅಕ್ಕ, ಇದರಲ್ಲಿ ಎಂತ ಬರ್ದಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ?"

ನಯನ ಓದಿದಳು. ಶರ್ಮಿಳಾ ಸಹಿ ಹಾಕಿದಳು.