ಶೀಸೆಯೊಳಗಿನ ಚೀಟಿ

ಸಾಯುವ ಹಿಂದಿನ ದಿನ ದಾಸಯ್ಯ ಜಗಲಿ ಮೇಲೆ ಕೂತು ಬಿತ್ತನೆ ಕಡಲೆಕಾಯಿ ಸುಲಿಯುತ್ತಿದ್ದ. ಸುಲಿದದ್ದಕ್ಕಿಂತ ತಿಂದದ್ದೇ ಜಾಸ್ತಿ.

"ಬಿತ್ತಾಕೆ ಒಂದಿಷ್ಟು ಬುಡ್ತೀಯೋ ಇಲ್ವೋ?" ಅಂದಳು ಹೆಂಡತಿ ಚಿಕ್ಕಹನುಮಕ್ಕ.

"ಗಟ್ಟಿ ಬೀಜ ಯಾವ್ದು ಅಂತ ನೋಡ್ಬೇಕಲ್ಲ. ಹಲ್ಗೆ ಗೊತ್ತಾಯ್ತದೆ."

"ನಿನ್ ಹಲ್ಗೆ ಬೆಂಕಿ ಹಾಕ."

ಇಬ್ಬರೂ ನಕ್ಕರು. ಸಂಜೆ ಮುದ್ದೆ, ಹುರುಳಿ ಸಾರು ಉಂಡು ಮಲಗಿದರು. ಅವತ್ತು ಬೇರೆ ವಿಶೇಷ ಏನೂ ಇರಲಿಲ್ಲ. ಮಾರನೇ ದಿನ ಹೊಲದ ಬದುವಿನ ಮೇಲೆ ಎದೆ ಹಿಡಕೊಂಡು ಕೂತ. ಕೂತವನು ಏಳಲಿಲ್ಲ.

ತಿಥಿ ಆದ ಮೇಲೆ ಕಾಗದಗಳ ಸರದಿ ಶುರುವಾಯಿತು. ರೇಷನ್ ಕಾರ್ಡಿನಿಂದ ಅವನ ಹೆಸರು ತೆಗೆದರು. ಓಟಿನ ಪಟ್ಟಿಯಿಂದ ತೆಗೆದರು. ಹೊಲಕ್ಕೆ ಪೌತಿ ಖಾತೆ ಆಯಿತು. ಹೊಸ ಪಹಣಿಯಲ್ಲಿ ಅವಳ ಹೆಸರು ಬಂತು, ಅವನದು ಹೋಯಿತು. ತಾಲೂಕು ಕಚೇರಿಯಲ್ಲಿ ಅದನ್ನು ಕೈಗೆ ಕೊಟ್ಟವನು, "ಕೆಲಸ ಆಯ್ತಲ್ಲಮ್ಮ, ನೆಮ್ಮದಿನಾ?" ಅಂತ ಕೇಳಿದ. ಹೂಂ ಅಂದಳು. ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತು ಅತ್ತಳು.

ಮಕ್ಕಳಿಲ್ಲ. ತಮ್ಮ ಹೆಸರಿನ ಜೊತೆ ಅವನ ಹೆಸರು ಹಾಕಿಕೊಳ್ಳುವವರು ಯಾರೂ ಇಲ್ಲ. ಅವಳಿಗೆ ಗೊತ್ತಿದ್ದ ಮಟ್ಟಿಗೆ ಅದು ಉಳಿದಿದ್ದದ್ದು ಒಂದೇ ಕಡೆ, ಶಿರಾದ ಒಂದು ಕಾಲೇಜಿನ ಗಾಜಿನ ಶೀಸೆಯಲ್ಲಿ.

ಅದು ಆರು ವರ್ಷದ ಹಿಂದಿನ ಮಾತು. ಗೌಡಗೆರೆಯ ಅವರ ಪಕ್ಕದ ಮನೆಯವರು ಬಚ್ಚಲಲ್ಲಿ ಒಂದು ಸಣ್ಣ ಹಾವು ಹೊಡೆದು ಹಾಕಿದ್ದರು. ಕತ್ತಿನ ಹತ್ತಿರ ಎರಡು ಕಪ್ಪು ಗೀಟು. ನಾಗರಮರಿ, ಹಾಲು ತುಪ್ಪ ಬಿಟ್ಟು ಸುಡದಿದ್ದರೆ ದೋಷ ಅಂತ ಬೀದಿಯವರೆಲ್ಲ ಗಾಬರಿಬಿದ್ದರು. ದಾಸಯ್ಯ ಒಬ್ಬನೇ ಇದು ಕ್ಯಾರೆಮರಿ, ಇಲಿ ಹಿಡಿಯೋ ಕೇರೆಹಾವಿನ ಮರಿ ಅಂತ ಹಟ ಹಿಡಿದ. ಹಾವನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ಹೇಳದೆ ಕಾಲಡಿಗೆ ಇಟ್ಟುಕೊಂಡು ಶಿರಾಕ್ಕೆ ಹೋದ. ಆ ಕಾಲೇಜಿನಲ್ಲಿ ಹಾವುಗಳ ವಿಷಯ ಓದಿದ ಶ್ರೀಲತಾ ಮೇಡಂ ಇದ್ದರು. ನೋಡಿದವರೇ, ಇದು ನಾಗರವೂ ಅಲ್ಲ, ಕ್ಯಾರೆಯೂ ಅಲ್ಲ, ಕ್ಯಾರೆಯ ನೆಂಟರ ಪೈಕಿ, ಆಭರಣದ ಹಾವು ಅಂತಾರೆ, ವಿಷ ಇಲ್ಲ ಅಂದರು. ಶೀಸೆಗೆ ಹಾಕಿ, ಒಂದು ಚೀಟಿ ಕೊಟ್ಟು, ತಂದವರ ಹೆಸರು ನೀವೇ ಬರೀರಿ ಅಂದರು.

"ಪಂದ್ಯ ಸೋತಂಗಾಯ್ತಲ್ಲ," ಅಂದಿದ್ದಳು ಇವಳು.

"ನೆಂಟ ಅಂದ್ರೆ ಅರ್ಧ ಗೆದ್ದಂಗೇ ಕಣೇ."

ಆಮೇಲೆ ಒಂದು ವರ್ಷ ಊರಲ್ಲಿ ಸಿಕ್ಕಿದವರಿಗೆಲ್ಲ ಆ ಚೀಟಿ ವಿಷಯ ಹೇಳಿದ್ದೇ ಹೇಳಿದ್ದು.

ಈಗ ಅವನು ಹೋಗಿ ಒಂಬತ್ತು ತಿಂಗಳು. ಒಂದು ಸಂಜೆ, ಅದೇ ಕಾಲೇಜಿನಲ್ಲಿ ಅಟೆಂಡರ್ ಆಗಿರುವ ಊರಿನ ತಿಪ್ಪೇಶ್ ಬಂದ.

"ಅಮ್ಮಯ್ಯ, ಮೇಡಮ್ಮು ಹಾವಿನ ಶೀಸೆಗೆಲ್ಲ ಹೊಸ ಚೀಟಿ ಹಾಕ್ತಾವ್ರೆ. ಹಳೇ ಹೆಸ್ರು ನಡಿಯಾಕಿಲ್ವಂತೆ. ಹಾವಿನ ಕುಲಾನೇ ಬದ್ಲಾಗದೆ."

ಚಿಕ್ಕಹನುಮಕ್ಕ ಲೆಕ್ಕ ಹಾಕಿದಳು. ಹೊಸ ಪಹಣಿ ಬಂದಾಗ ಹಳೆಯದು ಏನಾಯಿತೋ, ಹೊಸ ಚೀಟಿ ಬಂದರೂ ಅದೇ ಗತಿ. ಬೆಳಿಗ್ಗೆ ಮೊದಲ ಬಸ್ಸು ಹತ್ತಿದಳು.

ಮೇಡಂ ಮೇಜಿನ ತುಂಬ ಶೀಸೆ ಹರಡಿಕೊಂಡಿದ್ದರು. ಕೋಣೆಯೆಲ್ಲ ಸ್ಪಿರಿಟ್ಟಿನ ಘಾಟು.

"ನಮ್ಮೆಜಮಾನ್ರ ಹೆಸ್ರು ಎಸೀತೀರಂತೆ," ಅಂದಳು ಕೂರದೆ. "ಎಸೆಯೋದಾದ್ರೆ ಆ ಚೀಟಿ ನಂಗೆ ಕೊಟ್ಬುಡಿ."

"ಯಾರು ಹೇಳಿದ್ದು ಹಂಗಂತ?" ಮೇಡಂ ತಿಪ್ಪೇಶನ ಕಡೆ ನೋಡಿದರು. ತಿಪ್ಪೇಶ್ ಫ್ಯಾನು ನೋಡಿದ.

"ಕೂತ್ಕೊಳಮ್ಮ. ಬದಲಾಗ್ತಿರೋದು ಹಾವಿನ ಹೆಸರು, ನಿಮ್ಮ ಯಜಮಾನ್ರದ್ದಲ್ಲ. ನಾನು ಹಳೇ ಪುಸ್ತಕ ನೋಡಿ ಬರೆದಿದ್ದೆ, ತಪ್ಪು ನಂದೇ. ಹಿಂದೆ ಈ ಹಾವನ್ನ ದೂರದ ದೇಶದ ಹಾವುಗಳ ಜೊತೆ ಒಂದೇ ಮನೆತನ ಅಂತ ಸೇರಿಸಿದ್ರು. ಹೊರಗಿನ ಚಹರೆ ನೋಡಿ ಮಾಡಿದ ಲೆಕ್ಕ ಅದು. ಆಮೇಲೆ ಡಿಎನ್‌ಎ ನೋಡಿದ್ರು. ಇದರ ಮನೆತನವೇ ಬೇರೆ, ಏಷ್ಯಾದ ಈ ಕಡೇದು ಅಂತ ಗೊತ್ತಾಯ್ತು."

"ಕ್ಯಾರೆದು?"

"ಕ್ಯಾರೆ ಹೆಸರು ಹಂಗೇ ಇದೆ. ಅದರ ಮನೆತನಕ್ಕೆ ಹೊಸಬ್ರು ಸೇರಿದಾರೆ. ಚೀನಾ ಕಡೆ ಹಸಿರು ಹಾವು ಇದಾವೆ. ಅವೂ ಈಗ ಕ್ಯಾರೆ ಮನೆಯವೇ."

"ಇಷ್ಟು ವರ್ಷ ನೆಂಟ್ರು ಅಂತ ಗೊತ್ತೇ ಇರ್ನಿಲ್ವಾ?"

"ಲಗ್ನಪತ್ರಿಕೆ ಕೊಟ್ಟಿರ್ಲಿಲ್ಲ ಅನ್ಸುತ್ತೆ," ಅಂದ ತಿಪ್ಪೇಶ್.

"ನೀನು ಬಾಯ್ಮುಚ್ಕಂಡಿರಪ್ಪ, ಮಾಡಿದ್ದು ಸಾಕು," ಅಂದಳು ಚಿಕ್ಕಹನುಮಕ್ಕ.

ಮೇಡಂ ಒಂದು ಶೀಸೆ ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. ಬಿಳಿಚಿಕೊಂಡ ಹಾವು ಸುರುಳಿ ಸುತ್ತಿ ಕೂತಿತ್ತು. ಒಳಗೆ ಎರಡು ಚೀಟಿ. ಒಂದು ಹೊಸದು, ಅದರಲ್ಲಿ ಇಂಗ್ಲಿಷಿನಲ್ಲಿ ಹಾವಿನ ಹೊಸ ಹೆಸರು. ಇನ್ನೊಂದು ಹಳದಿ ತಿರುಗಿದ್ದು, ದಾರ ಪೋಣಿಸಿ ಹಾವಿಗೇ ಕಟ್ಟಿದ್ದು.

"ಹಳೇ ಚೀಟಿ ಯಾರೂ ತೆಗೆಯಂಗಿಲ್ಲ. ಅದು ನಮ್ಮ ಕೆಲಸದ ಕಟ್ಟುಪಾಡು. ಹೆಸರು ನಾಳೆ ಇನ್ನೂ ಹತ್ತು ಸಲ ಬದಲಾಗ್ಲಿ, ಹತ್ತು ಚೀಟಿ ಒಳಗೆ ಬೀಳ್ತವೆ. ಎಲ್ಲಿ ಸಿಕ್ತು, ಯಾರು ತಂದ್ರು ಅನ್ನೋದನ್ನ ಕಿತ್ತರೆ ಇದು ಉಪ್ಪಿನಕಾಯಿ ಜಾಡಿ ಅಷ್ಟೇ."

ಅವಳು ಓದಿದ್ದು ನಾಲ್ಕನೇ ಕ್ಲಾಸು. ಗಾಜಿಗೆ ಮುಖ ಒತ್ತಿ ಒಂದೊಂದೇ ಅಕ್ಷರ ಕೂಡಿಸಿದಳು. ದಾಸಯ್ಯ, ಗೌಡಗೆರೆ. ಅವನದೇ ಕೈಬರಹ, ಸೊಟ್ಟ ಪಟ್ಟ, ಕೊನೆಯ ಅಕ್ಷರ ಜಾಗ ಸಾಲದೆ ಕೆಳಗೆ ಇಳಿದಿತ್ತು. ಪೆನ್ಸಿಲಿನಲ್ಲಿ ಬರೆದದ್ದು.

"ಪೆನ್ನಲ್ಲಿ ಬರೆಸ್ಬಾರ್ದಿತ್ತಾ? ಅಳಿಸೋಗಲ್ವಾ?"

"ಪೆನ್ನಿನ ಶಾಯಿ ಸ್ಪಿರಿಟ್ಟಲ್ಲಿ ಕರಗುತ್ತೆ. ಪೆನ್ಸಿಲ್ ಕರಗಲ್ಲ. ನಾವಿಬ್ರೂ ಹೋದ ಮೇಲೂ ಇರ್ತದೆ."

ಆಗ ಅವಳು ಕೂತಳು. ಕಣ್ಣಲ್ಲಿ ನೀರು ಬಂತು, ಆದರೆ ಬೇವಿನ ಮರದ ಕೆಳಗೆ ಬಂದಂಥ ನೀರಲ್ಲ ಅದು. ತಿಪ್ಪೇಶ್ ಟೀ ತಂದುಕೊಟ್ಟ. ಎರಡು ಲೋಟ ಕುಡಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಎಂಥಾ ನಿದ್ದೆ ಹೋದಳೆಂದರೆ, ಕಂಡಕ್ಟರು ಭುಜ ಅಲುಗಿಸಿ ಇಳಿಸಬೇಕಾಯಿತು.

ಮನೆ ಹಿಂದೆ ಕಡಲೆಬಳ್ಳಿಯ ಮೆದೆ ಇದೆ. ಇಲಿ ಇರುವುದರಿಂದ ಕ್ಯಾರೆಯೂ ಬಂದು ಮಲಗುತ್ತದೆ. ದಿನಾ ಬೆಳಿಗ್ಗೆ ಹಸುವಿಗೆ ಮೇವು ಎಳೆಯುವ ಮೊದಲು ಚಿಕ್ಕಹನುಮಕ್ಕ ಕೋಲು ತಗೊಂಡು ಮೆದೆಯ ಬುಡಕ್ಕೆ ಮೂರು ಸಲ ತಟ್ಟುತ್ತಾಳೆ. "ಎದ್ದೇಳು, ಅತ್ಲಾಗೆ ಸರ್ಕೊ," ಅನ್ನುತ್ತಾಳೆ. ಒಳಗೆ ಸರಸರ ಸದ್ದಾಗುತ್ತದೆ. ಅದು ನಿಲ್ಲುವ ತನಕ ಕಾದು, ಆಮೇಲೆ ಮೇವು ಎಳೆಯುತ್ತಾಳೆ.