ರತ್ನಪುರದ ನೀಲ, ಜಮಖಂಡಿಯ ಸಂಶಯ

ರತ್ನಪುರದಲ್ಲಿ ಬಸ್ಸಿಳಿದ ಕೂಡಲೇ ನಾಲ್ಕಾರು ಗಂಡಸರು ನನ್ನ ಮೂಗಿನ ಕೆಳಗೆ ಅಂಗೈ ಚಾಚಿದರು. ನಮ್ಮ ಜಮಖಂಡಿ ಸ್ಟ್ಯಾಂಡಿನಲ್ಲಿ ಅಂಗೈ ಚಾಚುವವರು ಬೇಡುತ್ತಾರೆ. ಶ್ರೀಲಂಕಾದ ಈ ಊರಿನಲ್ಲಿ ಆ ಅಂಗೈಗಳ ತುಂಬ ನೀಲಿ, ಹಳದಿ ಹರಳುಗಳಿದ್ದವು. ನಾನು ಮೊದಲು ಮುಟ್ಟಿ ನೋಡಿಕೊಂಡದ್ದು ನನ್ನ ಜೇಬನ್ನು.

ನನ್ನ ಕಾಕಾನದು ಜಮಖಂಡಿಯಲ್ಲಿ ಬಂಗಾರದ ಅಂಗಡಿ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋಗಿ ಪರಿಹಾರ ಬಂದ ಮೇಲೆ ಬೀಳಗಿ ಕಡೆಯವರು ಶನಿಕಾಟಕ್ಕೆಂದು ನೀಲದ ಉಂಗುರ ಕೇಳತೊಡಗಿದ್ದರು. ಮೂಲದಲ್ಲೇ ಕೊಂಡರೆ ಲಾಭವೆಂದು ನನ್ನನ್ನೂ ಹೆಂಡತಿ ಸುನಂದಾಳನ್ನೂ ಇಲ್ಲಿಗೆ ಕಳಿಸಿದ. ನಾನು ಕಳಿಸಿದ ಮೊದಲ ಕಲ್ಲೇ ಗಾಜೆಂದು ಗೊತ್ತಾಯಿತು. ಇನ್ನೊಮ್ಮೆ ಮೋಸಹೋದರೆ ಗಂಟುಮೂಟೆ ಕಟ್ಟಿಕೊಂಡು ಬಾ ಎಂದ. ಅಂದಿನಿಂದ ನನ್ನ ಕಣ್ಣಿಗೆ ಇಲ್ಲಿಯವರೆಲ್ಲ ಕಳ್ಳರೇ. ಬಾಡಿಗೆ ಮನೆಯ ಮುದುಕಿ ಹಲಸಿನ ಪಲ್ಯ ತಂದುಕೊಟ್ಟರೂ ಇವಳಿಗೇನು ಬೇಕೋ ಎಂದುಕೊಳ್ಳುತ್ತಿದ್ದೆ.

ಸಿರಿಪಾಲ ಎಂಬವನದೊಂದು ಗಣಿಯಿತ್ತು. ಗಣಿಯೆಂದರೆ ಗದ್ದೆಯಲ್ಲಿ ತೋಡಿದ ಬಾವಿ. ಅದರ ತಳದ ಗರಸು ಮಣ್ಣಿಗೆ ಇಲ್ಲಿ ‘ಇಲ್ಲಮ’ ಎನ್ನುತ್ತಾರೆ. ಬುಟ್ಟಿಯಲ್ಲಿ ತೊಳೆದು ಹರಳು ಹೆಕ್ಕುತ್ತಾರೆ. ಸಿರಿಪಾಲನ ಹೆಸರು ಕೇಳಿದರೆ ತೇರದಾಳದ ನಮ್ಮ ಜೈನರವನೇ ಎನ್ನಬೇಕು. ಒಂದು ಸಂಜೆ ನೀಲ ತೋರಿಸುತ್ತೇನೆಂದು ಮನೆಗೆ ಕರೆದು, ಮೊದಲು ಅನ್ನ ಬಡಿಸಿದ. ಹೊತ್ತು ಮುಳುಗಿತ್ತು. ಜೈನರಾದ ನಾವು ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಊರಲ್ಲಾದರೆ ಇದನ್ನು ಯಾರಿಗೂ ಹೇಳಬೇಕಾಗಿಲ್ಲ, ಇಲ್ಲಿ ಹೇಳಲು ಭಾಷೆಯಿಲ್ಲ. ಕೈಯಾಡಿಸಿ ಬೇಡವೆಂದೆ. ಅವನ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನು ನೀಲದ ಪೊಟ್ಟಣ ಬಿಚ್ಚಲೇ ಇಲ್ಲ. ಅನ್ನದಲ್ಲಿ ಏನೋ ಬೆರೆಸಿದ್ದಾರೆಂದು ನಾನು ಹೆದರಿದೆ ಅಂದುಕೊಂಡಿರಬೇಕು.

ಸುನಂದಾ ಮನೆಯ ಮುದುಕಿಗೆ ಸೂರ್ಯನನ್ನು ತೋರಿಸಿ, ಬಾಯಿ ಮುಚ್ಚಿ ತೋರಿಸಿ, ಹೇಗೋ ತಿಳಿಸಿದಳು. ಮಾತು ಸಿರಿಪಾಲನಿಗೆ ಮುಟ್ಟಿತು. ಮುಂದಿನ ವಾರ ಇಬ್ಬರನ್ನೂ ಬಿಸಿಲಿರುವಾಗಲೇ ಕರೆದು ಮೀನಿಲ್ಲದ ಊಟ ಹಾಕಿದ. ಉಂಡು ಕೈತೊಳೆದೊಡನೆ ಪೊಟ್ಟಣ ಬಿಚ್ಚಿದ. ಸೂರ್ಯ ಕೆಂಪಗಾಗಿದ್ದ. ರಬಕವಿಯಲ್ಲಿ ಸೀರೆಯನ್ನು ನಡುಹಗಲಿನ ಬಿಸಿಲಿಗೆ ಹಿಡಿದು ಬಣ್ಣ ನೋಡುವ ಮಂದಿ ನಾವು. ಈ ಕೆಂಪು ಬೆಳಕಿನಲ್ಲಿ ಕಲ್ಲಿನ ಯಾವ ದೋಷ ಕಾಣುತ್ತದೆ? ಉಣ್ಣಿಸಿ ಟೋಪಿ ಹಾಕುವ ಹಂಚಿಕೆ ಎಂದುಕೊಂಡು, ನಾಳೆ ನೋಡುತ್ತೇನೆಂದು ಕೈಯಲ್ಲೇ ತಿಳಿಸಿದೆ.

ಸಿರಿಪಾಲ ಪೊಟ್ಟಣ ಮಡಚಿ ನನ್ನ ಕೈಯಲ್ಲೇ ಇಟ್ಟು, ಒಯ್ದು ನೋಡು ಎಂದು ಸನ್ನೆ ಮಾಡಿದ. ಚೀಟಿ ಕೇಳಲಿಲ್ಲ, ಮುಂಗಡ ಕೇಳಲಿಲ್ಲ.

ದಾರಿಯಲ್ಲಿ ಸುನಂದಾ ಅಂದಳು: “ಈಗರೆ ನಂಬ್ರಿ. ಅಂವಾ ನಿಮ್ಮನ್ನ ನಂಬ್ಯಾನ.”

ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದೆ. ಅಪ್ಪಟ ನೀಲ. ಪೇಟೆಯ ಪರೀಕ್ಷಕನೂ ಹಾಗೇ ಹೇಳಿದ. ನಾಚಿಕೆಯಿಂದ ಸತ್ತುಹೋದೆ. ಆದರೂ ಖುಷಿಯಿಂದ ಕಾಕಾನಿಗೆ ಫೋನ್ ಮಾಡಿ ಎಲ್ಲ ವಿವರಿಸಿದರೆ ಅವನು, ರೊಕ್ಕ ಇಸಗೊಳ್ಳದೆ ಕಲ್ಲು ಕೊಟ್ಟು ಕಳಿಸಿದನೆಂದರೆ ಅದರಲ್ಲೇನೋ ಮಸಲತ್ತಿದೆ, ತಿರುಗಿ ಕೊಡು ಎಂದ.

“ಇಲ್ಲಿ ನಮ್ಮ ಮಂದಿ ಹಂಗಲ್ಲ ಕಾಕಾ,” ಎಂದುಬಿಟ್ಟೆ.



“ನಿನ್ನ ಮಂದಿ ಇಲ್ಲಿ ಅದೇವಲೇ,” ಎಂದ ಕಾಕಾ. “ಜಮಖಂಡ್ಯಾಗ.”

ಅದೂ ಖರೆ ಎಂದೆ. ಆ ನೀಲವನ್ನು ಸುನಂದಾಳ ಬಳೆ ಮಾರಿ ನಾವೇ ಕೊಂಡೆವು. ಕಾಕಾ ಅದನ್ನು ಅಂಗಡಿಗೆ ಸೇರಿಸಲಿಲ್ಲ, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಾ ಎಂದು ನನ್ನನ್ನು ಕರೆಯಲೂ ಇಲ್ಲ.