ಗುಂಪಿನ ಬೆನ್ನಿಗೆ ರೈಲ್ವೆ ಗೇಟು

ನಾಲ್ಕು ವರ್ಷದ ಹಿಂದಿನ ಮಾತು. ವಿಜಯಪುರ ನಗರದ ಒಂದು ಠಾಣೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಹುಟ್ಟಿದ್ದು ತಿಕೋಟಾ. ಬಬಲೇಶ್ವರದಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿ ದುಡಿದು, ಜಿಲ್ಲೆ ಜಿಲ್ಲೆ ಸುತ್ತಿ, ಕೊನೆಗೆ ತವರಿನ ಹತ್ತಿರಕ್ಕೇ ಬಂದು ಬಿದ್ದಿದ್ದೆ. ನನ್ನ ಬಾಯಿ ಜೋರು ಎಂಬ ಸುದ್ದಿ ಪ್ರತಿ ಠಾಣೆಗೂ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಅದನ್ನು ನಾನು ಸುಳ್ಳು ಮಾಡಲೂ ಹೋಗಲಿಲ್ಲ.

ಪೊಲೀಸರೆಂದರೆ ಎಲ್ಲ ಒಂದೇ ಎಂದು ಜನ ತಿಳಿದಿರುತ್ತಾರೆ. ಖಾಕಿ ಒಂದೇ, ಒಲೆ ಬೇರೆ. ಕಾನೂನು ಸುವ್ಯವಸ್ಥೆ ಠಾಣೆಯವರು ದೂರು ಬರೆದುಕೊಳ್ಳುತ್ತಾರೆ, ತನಿಖೆ ಮಾಡುತ್ತಾರೆ. ಅಲ್ಲಿ ಪ್ರತಿ ಪೇದೆಗೂ ಒಂದು ಬೀಟ್ ಇರುತ್ತದೆ, ಅಂದರೆ ಅವನ ಪಾಲಿಗೆ ಬಂದ ಕೆಲವು ಓಣಿಗಳು. ಸಂಚಾರ ಠಾಣೆ ಬೇರೆ, ಮಹಿಳಾ ಠಾಣೆ ಬೇರೆ. ಇನ್ನೊಂದು ಪಂಗಡ ಡಿಎಆರ್, ಜಿಲ್ಲಾ ಸಶಸ್ತ್ರ ಮೀಸಲು ಪಡೆ. ಅವರಿಗೆ ತನಿಖೆಯ ತಾಪತ್ರಯವಿಲ್ಲ. ಎಲ್ಲಾದರೂ ಗುಂಪು ಸೇರಿತೆಂದರೆ ಹೆಲ್ಮೆಟ್, ಶೀಲ್ಡ್, ಲಾಠಿ ಹಿಡಿದು ವ್ಯಾನಿನಲ್ಲಿ ಬಂದಿಳಿಯುತ್ತಾರೆ. ನಮಗೆ ಓಣಿ ಗೊತ್ತು, ಅವರಿಗೆ ಕವಾಯತು ಗೊತ್ತು. ಎರಡೂ ಕೂಡಿದರೇ ಕೆಲಸ.

ಕೂಡಿಸಲೆಂದೇ ಶುಕ್ರವಾರದ ಪರೇಡ್. ಅದು ಮುಗಿದ ಮೇಲೆ ಆಗಾಗ ಗುಂಪು ಚದುರಿಸುವ ತಾಲೀಮು ನಡೆಯುತ್ತಿತ್ತು. ಅರ್ಧ ಜನ ಪೊಲೀಸರು, ಇನ್ನರ್ಧ ಜನ ಬನಿಯನ್ ಹಾಕಿಕೊಂಡು ‘ಗುಂಪು’ ಆಗುತ್ತಿದ್ದರು. ಗುಂಪಿನ ನಾಯಕ ಯಾವಾಗಲೂ ನಮ್ಮ ಹೆಡ್ ಕಾನ್‌ಸ್ಟೇಬಲ್ ಮಾದೇವಪ್ಪ. ಘೋಷಣೆ ಏನಾದರೂ ಕೂಗಬಹುದಿತ್ತಾದ್ದರಿಂದ ಅವನು ವರ್ಷದ ಸಿಟ್ಟನ್ನೆಲ್ಲ ಅಲ್ಲಿಯೇ ತೀರಿಸಿಕೊಳ್ಳುತ್ತಿದ್ದ. “ಹಬ್ಬಕ್ಕ ರಜಾ ಕೊಡ್ರಿ! ಕ್ವಾರ್ಟರ್ಸ್ ಸೋರಾಕತ್ತಾವು, ಹಂಚು ಹಾಕ್ರಿ!” ಎಂದು ಕೂಗಿದರೆ ಎದುರಿಗೆ ಶೀಲ್ಡ್ ಹಿಡಿದು ನಿಂತವರೂ ಒಳಗೊಳಗೇ ನಗುತ್ತಿದ್ದರು. ಡಿಎಆರ್‌ನ ಸಬ್‌ಇನ್‌ಸ್ಪೆಕ್ಟರ್ ಬಿರಾದಾರ ಮೈಕಿನಲ್ಲಿ ಮೂರು ಸಲ ಎಚ್ಚರಿಕೆ ಕೊಡುತ್ತಿದ್ದರು. ಮೂರನೆಯದು ಮುಗಿದ ಕೂಡಲೇ ಪಡೆ ಹೆಜ್ಜೆ ಹಾಕಿ ಮುಂದೆ ಬರುತ್ತಿತ್ತು. ಗುಂಪು ಮೈದಾನದ ಆ ತುದಿಗೆ ದಿಕ್ಕಾಪಾಲಾಗಿ ಓಡುತ್ತಿತ್ತು. ಆ ತುದಿಯಲ್ಲಿ ಚಹಾ, ಉಪ್ಪಿಟ್ಟು ಕಾದಿರುತ್ತಿದ್ದವು. ಓಡದೆ ಏನು ಮಾಡಿಯಾರು!

ಒಂದು ದಿನ ಸಾಲಿ ಬಿಡುವ ಹೊತ್ತು. ಇಬ್ರಾಹಿಂಪುರದ ಕಡೆ ರೈಲ್ವೆ ಗೇಟಿನ ಹತ್ತಿರ ನೀರಿನ ಟ್ಯಾಂಕರೊಂದು ಸೈಕಲ್ ಮೇಲೆ ಹೊರಟಿದ್ದ ಹುಡುಗಿಗೆ ಬಡಿದಿತ್ತು. ಕಾಲು ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಯಾರೋ ಪುಣ್ಯಾತ್ಮರು ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಆದರೆ ಓಣಿಯಲ್ಲಿ ಹಬ್ಬಿದ್ದು ಹುಡುಗಿ ಸತ್ತಳು ಎಂದು. ನಾನು ಹೋಗುವಷ್ಟರಲ್ಲಿ ಮಾದೇವಪ್ಪ ಡ್ರೈವರನನ್ನು ಜನರ ಕೈಯಿಂದ ಬಿಡಿಸಿ ಜೀಪಿನೊಳಗೆ ಕೂರಿಸಿದ್ದ. ಗೇಟು ಹಾಕಿತ್ತು. ಹಿಂದೆ ಟ್ರ್ಯಾಕ್ಟರು, ಬೈಕು, ಬಸ್ಸು ಸಾಲುಗಟ್ಟಿ ಜೀಪು ಅಲುಗದಂತಾಗಿತ್ತು.

“ಅವನ್ನ ಕೆಳಗ ಇಳಸ್ರಿ! ನಾವ ನೋಡ್ಕೋತೀವಿ!” ಎಂದು ಜನ ಕೂಗುತ್ತಿದ್ದರು. ಹುಡುಗಿ ಆಸ್ಪತ್ರೆಯಲ್ಲಿ ಆರಾಮ ಇದ್ದಾಳೆ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. “ಪೊಲೀಸರ ಮಾತು ಯಾರಿಗೆ ಬೇಕ್ರಿ!” ಎಂದರು. ಕಲ್ಲೊಂದು ಬಂದು ಜೀಪಿನ ಗಾಜು ಒಡೆಯಿತು.

ಬಿರಾದಾರರ ಪಡೆ ವ್ಯಾನನ್ನು ಹಿಂದೆಯೇ ಬಿಟ್ಟು ಓಡುತ್ತ ಬಂತು. ಜೀಪಿಗೂ ಜನರಿಗೂ ನಡುವೆ ಗೋಡೆಯ ಹಾಗೆ ನಿಂತರು. ಒಂದು ಎಚ್ಚರಿಕೆ, ಎರಡು ಎಚ್ಚರಿಕೆ, ಮೂರು. ಪಡೆ ಹೆಜ್ಜೆ ಎತ್ತಿತು. ಮೈದಾನದಲ್ಲಿ ಕಲಿತದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದರು.

ಆದರೆ ಜನ ಓಡಲಿಲ್ಲ. ಓಡಲು ಜಾಗವೇ ಇರಲಿಲ್ಲ. ಒಂದು ಪಕ್ಕ ಟ್ಯಾಂಕರು, ಇನ್ನೊಂದು ಪಕ್ಕ ಕಂಪೌಂಡು, ಬೆನ್ನಿಗೆ ಗೇಟು. ಹಿಂದಿನವರು ಗೇಟಿನ ಅಡ್ಡಗಂಬದ ಕೆಳಗೆ ನುಸುಳಿ ಆಗಲೇ ಹಳಿಯ ಮೇಲೆ ಹೋಗಿ ನಿಂತಿದ್ದರು. ಪಡೆಗೆ ಹಿಂಜರಿದು ಮುಂದಿನವರು ಹಿಂದಕ್ಕೆ ಒತ್ತಿದಂತೆಲ್ಲ ಇನ್ನಷ್ಟು ಜನ ಅತ್ತ ಬೀಳುತ್ತಿದ್ದರು. ಒಬ್ಬ ಹೆಣ್ಣುಮಗಳು ಆ ಅಡ್ಡಗಂಬದ ಮೇಲೆ ಅರ್ಧ ಬಾಗಿ ಸಿಕ್ಕಿಬಿದ್ದಿದ್ದಳು. “ಯವ್ವಾ, ದಬ್ಬಬ್ಯಾಡ್ರೋ! ರೈಲ್ ಬರಾಕತ್ತೈತಿ!” ಎಂದು ಚೀರಿದಳು. ದೂರದಲ್ಲಿ ಸೀಟಿ ಕೇಳಿಸಿತು.

ನಮ್ಮ ತಾಲೀಮಿನಲ್ಲಿ ಮುಂದೆ ಹೋಗಲು ಆಜ್ಞೆ ಇತ್ತು, ನಿಲ್ಲಲು ಇತ್ತು. ಜನರಿಗೆ ಮುಖ ಕೊಟ್ಟುಕೊಂಡೇ ಹಿಂದೆ ಸರಿಯುವುದನ್ನು ಒಂದು ಶುಕ್ರವಾರವೂ ಯಾರೂ ಮಾಡಿರಲಿಲ್ಲ. ಪೊಲೀಸರು ಹಿಂದೆ ಸರಿಯುತ್ತಾರೆ ಎಂದು ಯಾರು ತಾನೇ ಯೋಚಿಸುತ್ತಾರೆ? ಬಿರಾದಾರರ ಕೈಯಿಂದ ಮೈಕು ಕಸಿದುಕೊಂಡೆ. ಬಾಯಿಗೆ ಬಂದದ್ದು ತಿಕೋಟಾದ ಮಾತು:

“ಹಿಂದ ಸರೀರಿ, ಯಪ್ಪಾ! ಹಿಂದ ಸರೀರಿ!”

ಪಡೆ ಗಕ್ಕನೆ ನಿಂತಿತು. ಬಿರಾದಾರ ನನ್ನತ್ತ ತಿರುಗಿ, “ಮೇಡಂ, ಸರಿದ್ರ ಡ್ರೈವರ್ ಉಳಿಯಂಗಿಲ್ರಿ!” ಎಂದರು. ಅವರು ಹೇಳಿದ್ದೂ ಖರೆ. “ಜೀಪಿನ ಸುತ್ತ ನಿಲ್ರಿ. ಮೊದಲ ಇವರಿಗೆ ಜಾಗಾ ಬಿಡ್ರಿ,” ಎಂದೆ. ಪಡೆ ಎಡವುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಹಿಂದೆ ಬಂದು ಜೀಪಿಗೆ ಅಂಟಿಕೊಂಡಿತು. ಪೊಲೀಸರು ಹೆದರಿದರೆಂದು ಜನ ಹೋ ಎಂದು ಮುಂದೆ ನುಗ್ಗಿದರು. ಡ್ರೈವರ್ ಜೀಪಿನೊಳಗೆ ಸೀಟಿನ ಕೆಳಗೆ ಮುದುಡಿ ದೇವರನ್ನು ಕರೆಯುತ್ತಿದ್ದ. ನಾನೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ.

ಮುಂದೆ ಜಾಗ ಸಿಕ್ಕಿದ್ದರಿಂದ ಹಳಿಯ ಮೇಲಿದ್ದವರು ಈಚೆ ಬಂದರು. ಮಾದೇವಪ್ಪ ಟ್ಯಾಂಕರಿನ ಸಂದಿಯಿಂದ ನುಸುಳಿ ಹೋಗಿ ಆ ಹೆಣ್ಣುಮಗಳನ್ನು ಗೇಟಿನಿಂದ ಬಿಡಿಸಿ ಎಳೆದ. ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ನೆಲ ನಡುಗಿಸುತ್ತ, ಮುಗಿಯದ ಹಾಗೆ ಡಬ್ಬಿಯ ಮೇಲೆ ಡಬ್ಬಿ ಹಾಯ್ದುಹೋಯಿತು. ಆ ಗದ್ದಲದಲ್ಲಿ ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ. ಜನ ಬಾಯಿ ಮುಚ್ಚಿ ತಿರುಗಿ ನೋಡಿದರು. ತಾವು ಈಗಷ್ಟೇ ಎಲ್ಲಿ ನಿಂತಿದ್ದೆವೆಂದು ಅವರಿಗೆ ಕಂಡಿತು.

ಮಾದೇವಪ್ಪ ಕರೆತಂದವಳು ಹುಡುಗಿಯ ತಾಯಿಯೇ. ಸಾರವಾಡದ ಮಗಳು, ಇಲ್ಲಿಗೆ ಕೊಟ್ಟದ್ದು. ಆಸ್ಪತ್ರೆಯಲ್ಲಿದ್ದ ನಮ್ಮ ಪೇದೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ. ಆ ಕಡೆಯಿಂದ ಅಳುವ ದನಿ ಬಂತು: “ಅವ್ವಾ, ನನ್ನ ಪಾಟಿಚೀಲ ಅಲ್ಲೇ ಬಿದ್ದೈತಿ, ತಗೊಂಡ್ ಬಾ.”

ತಾಯಿ ರಸ್ತೆಯಲ್ಲೇ ಕುಸಿದು ಕೂತು ಗಳಗಳ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡಲಿಲ್ಲ. ಡ್ರೈವರನನ್ನು ಇಳಿಸಿರೆಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದವನೇ ಟ್ಯಾಂಕರಿನ ಕೆಳಗೆ ಬಗ್ಗಿ ಆ ಪುಸ್ತಕದ ಚೀಲ ತೆಗೆದು, ಧೂಳು ಕೊಡವಿ ಅವಳಿಗೆ ಕೊಟ್ಟ. ಗೇಟು ತೆರೆಯಿತು. ದಾರಿಯಾಯಿತು. ಡ್ರೈವರನನ್ನು ಠಾಣೆಗೆ ಒಯ್ದು ಕಾನೂನಿನಂತೆ ಕೇಸು ಹಾಕಿದೆವು.

ಗುಂಪನ್ನು ಚದುರಿಸುವ ಮೊದಲು ಅದರ ಮುಖವನ್ನಲ್ಲ, ಬೆನ್ನನ್ನು ನೋಡಬೇಕು ಎಂದು ನನಗೆ ಕಲಿಸಿದ್ದು ಆ ದಿನ. ಮುಂದಿನ ಶುಕ್ರವಾರದಿಂದ ಬಿರಾದಾರ ಗುಂಪಿನ ಹಿಂದೆ ಗೇಟಿನ ಹಾಗೆ ಹಗ್ಗ ಕಟ್ಟಿಸತೊಡಗಿದರು. ಕಾಲು ತುಳಿಯದೆ ಹಿಂದೆ ಸರಿಯುವುದನ್ನೂ ಕಲಿಸಿದರು. ಮಾದೇವಪ್ಪನಿಗೆ ಹೊಸ ಘೋಷಣೆ ಸಿಕ್ಕಿತು: “ಹಗ್ಗ ಬಿಚ್ರಿ, ಉಪ್ಪಿಟ್ಟು ಆರಾಕತ್ತೈತಿ!”

ಈಗ ನಾನು ನಿವೃತ್ತಳಾಗಿ ಇದೇ ಊರಿನ ಜಲನಗರದಲ್ಲಿದ್ದೇನೆ. ಹೋದ ತಿಂಗಳು ಪರೇಡ್ ಮೈದಾನದ ಪಕ್ಕ ಹಾಯುವಾಗ ತಾಲೀಮು ನಡೆದಿತ್ತು. ಬಿರಾದಾರರೂ ವರ್ಗವಾಗಿ ಹೋಗಿದ್ದಾರೆ, ಯಾರೋ ಎಳೆ ಪ್ರಾಯದ ಹೊಸ ಅಧಿಕಾರಿ ಮೈಕು ಹಿಡಿದಿದ್ದ. ನನ್ನ ಗುರುತು ಅವನಿಗೆಲ್ಲಿಯದು! ಪಡೆ ಮುಂದೆ ಬಂತು, ಹಗ್ಗದ ಹತ್ತಿರ ಗುಂಪು ಸಿಕ್ಕಿಕೊಂಡಿತು. ಅವನು ಎದೆ ಸೆಟೆಸಿ, ಅದೂ ಆಜ್ಞೆಯ ಒಂದು ಭಾಗವೆಂಬಂತೆ, ಗಂಭೀರವಾಗಿ ಕೂಗಿದ:

“ಹಿಂದ ಸರೀರಿ, ಯಪ್ಪಾ!”

ಇಡೀ ಸಾಲು ಒಂದೇ ಹೆಜ್ಜೆಯಲ್ಲಿ ಹಿಂದೆ ಸರಿಯಿತು.